ಎರಡನೇ ಸೂಜಿ

ಚಿಕ್ಕಿ ನೀರಿನ ಬಟ್ಟಲ ಮುಂದ ಕುಂತಿತ್ತು,
ಮೂತಿ ಬಾಗಿಸಿ, ನೀರು ಮುಟ್ಟದ.
ಮಧ್ಯಾಹ್ನದಿಂದ ದೀಪ ಹಚ್ಚೋತನಕ
ಕುಂತೇ ಇತ್ತು.
ಬಾಯಾರಿದ್ದು ಖರೆ, ಕುಡಿಯೋ ತ್ರಾಣ ಹೋದದ್ದೂ ಖರೆ,
ನನಗ ಆಗ ಎರಡೂ ತಿಳೀಲಿಲ್ಲ.
ದೃಷ್ಟಿ ಆಗೇತಿ ಅಂದ್ರು ನಮ್ಮತ್ತಿ,
ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ರು.
ಹಲ್ಲಿ ತಿಂದಿರಬೇಕು ಅಂದ್ಲು ಎದುರಮನಿ ಕಾಶವ್ವ.
ನಾನು ಚಮಚದಾಗ ಮಜ್ಜಿಗಿ ಹಾಕಿದೆ,
ಹಳದಿ ನೊರಿಯಾಗಿ ಹೊರಗ ಬಂತು.
ಮೂರನೇ ಮುಂಜಾನೆ, ಮಗ್ಗದ ಕುಣಿಯೊಳಗ,
ಇವರು ಕಾಲಿಡೋ ಜಾಗದಾಗ
ತಣ್ಣಗಾಗಿತ್ತು.

ಅವತ್ತು ಇವರು ಕುಣಿಗೆ ಇಳೀಲಿಲ್ಲ.
ಇಪ್ಪತ್ತೆರಡು ವರ್ಷದಾಗ ನಮ್ಮ ಲಾಳಿ ನಿಂತದ್ದು
ಅಮಾವಾಸಿಗೆ, ಸೂತಕಕ್ಕ,
ಮತ್ತ ಒಂದು ಬೆಕ್ಕಿಗೆ.

ಗುಳೇದಗುಡ್ಡದ ನೇಕಾರ ಓಣ್ಯಾಗ
ಬೆಕ್ಕು ಸಾಕೋದು ಚೆಂದಕ್ಕಲ್ಲ.
ಗಂಜಿ ಹಚ್ಚಿದ ನೂಲಂದ್ರ ಇಲಿಗೆ ಹಬ್ಬದೂಟ.
ತಿಂಗಳು ತುಂಬೂದ್ರೊಳಗ ಮಾಡಿನ ಮ್ಯಾಲ ಗೀರು ಗೀರು ಸದ್ದು,
ಮುಂಜಾನೆದ್ದು ನೋಡಿದ್ರ ಕಂಡಿಕಿ ಬುಟ್ಟ್ಯಾಗ ಹಿಕ್ಕಿ.
ಕಾಶವ್ವನ ಎಮ್ಮಿ ಕೊಟ್ಟಿಗ್ಯಾಗ ಮರಿ ಹುಟ್ಟಿದ್ವು,
ಒಂದಕ್ಕ ಕಿವಿಯಂಚಿಗೆ ಕೇಸರಿ ಚುಕ್ಕಿ.
ಬುಗಡಿ, ಅಂದೆ.
ಸೆರಗಿನಾಗ ಸುತ್ತಿಕೊಂಡು ನಮ್ಮ ಹೊಸ್ತಿಲತನಕ ಬಂದೆ.

ನದಾಫ್ ಡಾಕ್ಟರು ಅಲ್ಲೇ, ಕಾಶವ್ವನ ಅಂಗಳದಾಗ,
ಎಮ್ಮಿ ಗಬ್ಬ ನೋಡಿ ಮೊಣಕೈತನಕ ತೊಳಕೋತ ನಿಂತಿದ್ರು.
ನಿಲ್ಲವ್ವಾ, ಅಂದ್ರು.
ಹಿಂದಿನದು ಹೆಂಗ ಸತ್ತಿತು?
ಹೇಳಿದೆ. ನೀರಿನ ಬಟ್ಟಲು, ಹಳದಿ ನೊರಿ.
ಅದು ದೃಷ್ಟಿ ಅಲ್ಲ, ಹಲ್ಲೀನೂ ಅಲ್ಲ.
ಬೆಕ್ಕಿನ ರೋಗ ಅದು. ಬೆಕ್ಕು ಹೋದ್ರೂ ಅದು ಹೋಗಂಗಿಲ್ಲ,
ನಿಮ್ಮ ಕುಣ್ಯಾಗ ವರ್ಷಗಟ್ಟಲೆ ಕುಂತಿರತೈತಿ.
ಫಿನಾಯಿಲಿಗೆ ಬಗ್ಗಂಗಿಲ್ಲ.
ಸೂಜಿ ಹಾಕಿಸದ ಮರಿ ಒಳಗ ಒಯ್ದ್ರ
ಕೈಯಾರ ಕೊಟ್ಟಂಗ.

ನನ್ನ ಕಾಲು ಹೊಸ್ತಿಲಾಚೆ ಹೋಗಿತ್ತು,
ಎಳಕೊಂಡೆ.
ಬೆಕ್ಕು ಅಡ್ಡ ಬಂದ್ರ ನಾವು ನಿಂತು ನಾಕು ಹೆಜ್ಜಿ ಹಿಂದ ಸರಿಯೋ ಮಂದಿ.
ಬೆಕ್ಕಿಗೆ ಏನೇನು ಅಡ್ಡ ಬರತೈತಿ
ಎಂದೂ ಕೇಳಿಲ್ಲ.

ಎರಡು ತಿಂಗಳಿಗೆ ಮೊದಲನೇ ಸೂಜಿ.
ಔಷಧ ಬಾಗಲಕೋಟಿಯಿಂದ ಬಸ್ಸಿನಾಗ ಬಂತು,
ಬರ್ಫದ ಡಬ್ಬ್ಯಾಗ, ಡ್ರೈವರನ ಕಾಲ ಬಲ್ಲೆ.
ಬುಗಡಿ ಒಮ್ಮೆ ಕಿರುಗುಟ್ಟಿ
ಡಾಕ್ಟರ ಅಂಗಿ ಗುಂಡಿ ಕಚ್ಚಿತು.
ಮೊದಲನೇದಕ್ಕ ಎಲ್ಲಾರೂ ಬರತಾರವ್ವಾ, ಅಂದ್ರು ಅವರು,
ಎರಡನೇದಕ್ಕ ಅರ್ಧಕ್ಕರ್ಧ ಮಂದಿ ಇಲ್ಲ.
ಇವರು ನಕ್ಕರು:
ಬರೇ ಹಾಸು ಹೂಡಿ, ಹೊಕ್ಕು ಬಿಟ್ಟಂಗ.
ಅರಿವಿ ಆಗೂದಿಲ್ಲ.

ಕುಣಿ ತೊಳಿಯೋದು ಉಳಿದಿತ್ತು.
ಬ್ಲೀಚಿಂಗ್ ಪುಡಿಗೆ ಸಾಯತೈತಿ ರೋಗ,
ಬಣ್ಣಾನೂ ಸಾಯತೈತಿ.
ಮಗ್ಗದ ಮ್ಯಾಲ ಅರ್ಧ ನೇದ ಕೆಂಪು ಖಣ.
ಇವರು ಹಾಸು ಸುತ್ತಿ ಅಟ್ಟಕ್ಕ ಏರಿಸಿದ್ರು,
ಕೂಸನ್ನ ಎತ್ತಿ ಮಲಗಿಸಿದಂಗ.
ನಾನು ಮೂಗು ಕಟ್ಟಿಕೊಂಡು ತಿಕ್ಕಿದೆ,
ಗೋಡಿ, ತುಳಿಹಲಗಿ, ಇವರು ಕಾಲಿಡೋ ಕಲ್ಲು.
ಕಣ್ಣಾಗ ನೀರು. ಪುಡಿಯ ಘಾಟಿಗೆ ಅಂತ ಹೇಳಿದೆ.
ಆದರೂ ಒಂದು ಹನಿ ಎಲ್ಲಿಂದಲೋ ಸಿಡಿದಿತ್ತು.
ಕೆಂಪಿನ ನಡುವ ಸಾಸಿವಿಯಷ್ಟು ಬಿಳುಪು.
ಸಾವಕಾರ ಆ ಖಣ ತಿರುಗಿ ಎಸೆದ.
ನಾನೇ ಕುಬಸ ಹೊಲಿಸಿಕೊಂಡೆ.
ಬೆನ್ನ ಮ್ಯಾಲ ಬಂದೈತಿ ಆ ಚುಕ್ಕಿ,
ನನಗ ಕಾಣಂಗಿಲ್ಲ,
ಇವರಿಗೆ ಕಾಣತೈತಿ.
ಚಿಕ್ಕಿ ಅಂತಾರ.

ಎರಡನೇ ಸೂಜಿಗೆ ಕ್ಯಾಲೆಂಡರಿನಾಗ ಕುಂಕುಮದ ಬೊಟ್ಟಿಟ್ಟಿದ್ದೆ.
ಅವತ್ತು ಸಂತಿ, ನೂಲಿನ ಲೆಕ್ಕ, ನಾದಿನಿ ಬಂದಿದ್ಲು.
ಹೋದೆ.
ಹುಚ್ಚುನಾಯಿ ರೋಗದ್ದೂ ಅವತ್ತ ಹಾಕಿದ್ರು,
ಇದು ಬರೇ ಅದಕ್ಕಲ್ಲ, ಮನಿ ಮಂದಿಗೂ ಕಾವಲು ಅಂದ್ರು.
ಮುಂದಿನದು ಚೀಟ್ಯಾಗ ಬರದೈತಿ,
ಚೀಟಿ ರೇಷನ್ ಕಾರ್ಡಿನ ಒಳಗೈತಿ.
ಡಾಕ್ಟರು ಹೇಳಿದಷ್ಟು ದಿನ ಕಾಶವ್ವನ ಮನ್ಯಾಗ ಇಟ್ಟು
ಆಮ್ಯಾಲ ಹೊಸ್ತಿಲು ದಾಟಿಸಿದೆ.
ಅತ್ತಿ ಬಿಡಲಿಲ್ಲ, ಉಪ್ಪು ಮೆಣಸಿನಕಾಯಿ ಇಳಿಸೇ ಇಳಿಸಿದ್ರು.
ಇಳಿಸಲಿ. ಇಲಿ ಮಾತ್ರ
ಆ ರಾತ್ರಿನ ಊರು ಬಿಟ್ಟವು.

ಈಗ ಕಂಡಿಕಿ ಸುತ್ತುವಾಗ ಒಮ್ಮೊಮ್ಮೆ
ರಾಟಿ ನಿಲ್ಲಿಸತೀನಿ.
ಇವರು ಕೇಳತಾರ, ಎಳಿ ಹರೀತೇನು?
ಇಲ್ಲ.
ಮೂಲ್ಯಾಗ, ಬಟ್ಟಲದಾಗ,
ಬುಗಡಿ ನೀರು ಕುಡಿಯೋ ಸಪ್ಪಳ.